ಮೆಂತ್ಯದ ಹಿಟ್ಟಿನ ಮರಾಠಿ ಹೆಸರು

ಪುಣೆಯಲ್ಲಿ ನಮ್ಮಾಕೆ ಮನೆಯಲ್ಲೇ ಮೆಂತ್ಯದ ಹಿಟ್ಟು ಮಾಡಿ ಮಾರುತ್ತಾಳೆ. ಗೂಗಲ್‌ನಲ್ಲಿ ಜಾಹೀರಾತು ಕೊಡೋಣವೆಂದಾಗ, ಜನ ಯಾವ ಮಾತು ಬರೆದು ಹುಡುಕುತ್ತಾರೆಂದು ಪತ್ತೆ ಹಚ್ಚುವ ಕೆಲಸ ಗುಮಾಸ್ತರಾದ ನಮ್ಮ ಪಾಲಿಗೆ ಬಂತು. ಕಡತ ತಿರುವಿದ ಕೈಯಲ್ಲವೆ!

ಇದಕ್ಕೆಂದೇ ಗೂಗಲ್‌ನವರ ‘ಕೀವರ್ಡ್ ಪ್ಲ್ಯಾನರ್’ ಉಂಟು. 2013ರಲ್ಲಿ ಬಂದದ್ದು, ಪುಕ್ಕಟೆ. ಜಾಹೀರಾತಿಗೆ ಇನ್ನೂ ಹಣ ಹಾಕದವರಿಗೆ ಮಾತ್ರ ಅದು ‘ತಿಂಗಳಿಗೆ 100ರಿಂದ 1,000’ ಎಂಬಂಥ ಅಂದಾಜನ್ನಷ್ಟೇ ಹೇಳುತ್ತದೆ. ಕಚೇರಿಯವರಾದ ನಮಗೆ ಇಂಥ ಉತ್ತರ ಹೊಸದೇನಲ್ಲ. ಎರಡು ಪದಗಳನ್ನು ಅಕ್ಕಪಕ್ಕ ತೂಗಿ ನೋಡಲು ‘ಗೂಗಲ್ ಟ್ರೆಂಡ್ಸ್’ ಸಾಕು.

ಪುಣೆಯೊಂದನ್ನೇ ಆರಿಸಿ ನೋಡಿದೆವು. ಇಲ್ಲಿಯವರು ಹುಡುಕುವುದು ‘ಮೇತಕೂಟ’! ಪದಾರ್ಥ ಹೆಚ್ಚುಕಡಿಮೆ ಒಂದೇ.

“ನಮ್ಮಮ್ಮ ಹಾಗನ್ನುತ್ತಿರಲಿಲ್ಲ” ಎಂದು ನಮ್ಮಾಕೆ ಮುಖ ಸಣ್ಣದು ಮಾಡಿಕೊಂಡಳು. ನಿಜವೇ. ಆದರೆ ಜಾಹೀರಾತನ್ನು ಯಾರಾದರೂ ಒತ್ತಿದಾಗಲೆಲ್ಲ ಕಾಸು ತೆರುವವರು ನಾವು. ಕೊಳ್ಳುವವರ ಬಾಯಲ್ಲಿರುವ ಮಾತೇ ನಮಗೆ ಬೇಕು. ‘ರೆಸಿಪಿ’ ಎಂಬುದನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಿದೆವು. ಮಾಡಲು ಕಲಿಯಬಂದವರ ಖರ್ಚು ನಮಗೇಕೆ?

ಕೊನೆಗೆ ಜಾಹೀರಾತಿನಲ್ಲಿ ‘ಮೇತಕೂಟ’, ಡಬ್ಬಿಯ ಮೇಲೆ ‘ಮೆಂತ್ಯದ ಹಿಟ್ಟು’ ಎಂದು ರಾಜಿಯಾಯಿತು. ಡಬ್ಬಿಯ ಚೀಟಿಗಳನ್ನು ಆಕೆಯೇ ಬರೆಯುತ್ತಾಳೆ, ದಪ್ಪ ಕನ್ನಡ ಅಕ್ಷರಗಳಲ್ಲಿ.