ಎಳೆಯರಿಗೆ ಲೆಕ್ಕ ಕಲಿಸುವ ಬಗೆ

ಗಣಿತವು ಕಠಿಣವಾದ ವಿದ್ಯೆಯೆಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ಆದರೆ ಪ್ರಾಥಮಿಕ ತರಗತಿಗಳಲ್ಲಿ ಎಳೆಯ ಮಕ್ಕಳಿಗೆ ಲೆಕ್ಕ ಕಲಿಸುತ್ತ ಬಂದ ನಮಗೆ ಕಂಡುಬಂದುದೇ ಬೇರೆ. ಮಗುವು ಶಾಲೆಗೆ ಬರುವಾಗ ಲೆಕ್ಕದ ಹೆದರಿಕೆಯನ್ನು ಹೊತ್ತು ತರುವುದಿಲ್ಲ. ಅದು ಬಹುಮಟ್ಟಿಗೆ ಹಿರಿಯರಿಂದ ಬರತಕ್ಕದ್ದು.

ಮೂರನೆಯ ತರಗತಿಯ ಬಾಲಿಕೆಯೊಬ್ಬಳು, ನಾವು 'ನೂರ ಇಪ್ಪತ್ತಮೂರು' ಎಂದೊಡನೆ, ಸ್ಲೇಟಿನ ಮೇಲೆ 10023 ಎಂದು ಬರೆದಳು. ಒಡನಾಡಿಗಳು ನಕ್ಕರು. ನಾವು ಅವಳನ್ನು ಹತ್ತಿರ ಕರೆದು, "ಹೇಗೆ ಬರೆದೆ, ಮಗು?" ಎಂದು ಕೇಳಿದೆವು. "ಮೊದಲು ನೂರು, ಆಮೇಲೆ ಇಪ್ಪತ್ತಮೂರು, ಟೀಚರ್" ಎಂದಳು. ಕಿವಿ ಕೇಳಿದುದನ್ನೇ ಕೈ ಬರೆದಿತ್ತು. ಇದು ದಡ್ಡತನವಲ್ಲ, ಯೋಚಿಸಿ ಕೊಟ್ಟ ಉತ್ತರ. ಅಂಕಿಗೆ ಸ್ಥಾನದಿಂದ ಬೆಲೆ ಬರುವುದೆಂಬ ಒಂದು ಸಂಗತಿ ಮಾತ್ರ ಅವಳಿಗೆ ತಿಳಿದಿರಲಿಲ್ಲ. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿಸಿದೆವು. ಅಂತಹ ಹತ್ತು ಕಟ್ಟುಗಳಿಂದ ನೂರರ ಹೊರೆ ಮಾಡಿಸಿದೆವು. ಹೊರೆ ಒಂದು, ಕಟ್ಟು ಎರಡು, ಬಿಡಿ ಕಡ್ಡಿ ಮೂರು ಎಂದು ಎಣಿಸಿ, ಎರಡು ಸೊನ್ನೆಗಳನ್ನು ಅವಳೇ ಅಳಿಸಿದಳು. "ನೂರ ಮೂರಕ್ಕೆ?" ಎಂದೆವು. ಕೊಂಚ ಯೋಚಿಸಿ, "ಹತ್ತರ ಕಟ್ಟೇ ಇಲ್ಲ, ಅಲ್ಲಿ ಸೊನ್ನೆ" ಎಂದು 103 ಬರೆದಳು. ಕೆಂಪು ಶಾಯಿಯ ಗೆರೆಯು ಇಷ್ಟನ್ನು ಕಲಿಸಲಾರದು.

ಹೆದರಿಕೆಯು ಹಿರಿಯರಿಂದ ಬರುವುದೆಂಬುದಕ್ಕೆ ಆಧಾರವೂ ಉಂಟು. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಶಾನ್ ಬೈಲಾಕ್ ಎಂಬ ವಿದುಷಿಯೂ ಅವರ ಸಂಗಡಿಗರೂ 1 ಮತ್ತು 2ನೆಯ ತರಗತಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಸಂಗತಿಯಿದು: ಉಪಾಧ್ಯಾಯಿನಿಗೆ ಗಣಿತದ ಅಂಜಿಕೆ ಹೆಚ್ಚಿದ್ದಷ್ಟೂ, ವರ್ಷದ ಕೊನೆಗೆ, 'ಲೆಕ್ಕ ಹುಡುಗರದು, ಓದು ಹುಡುಗಿಯರದು' ಎಂದು ನಂಬುವ ಬಾಲಿಕೆಯರು ಹೆಚ್ಚಿದರು, ಹಾಗೆ ನಂಬಿದವರು ಗಣಿತದಲ್ಲಿ ಹಿಂದೆ ಬಿದ್ದರು. ಹುಡುಗರಿಗೆ ಆ ಅಂಜಿಕೆ ತಟ್ಟಲಿಲ್ಲ.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದನ್ನು ಮನಸ್ಸಿನಲ್ಲಿಡತಕ್ಕದ್ದು. ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಇಂದು ಉಪಾಧ್ಯಾಯಿನಿಯರು, ಹಲವರು ತಾಯಂದಿರು. ಮಗಳು ಲೆಕ್ಕದಲ್ಲಿ ಎಡವಿ ಬಂದ ಸಂಜೆ, "ನನಗೂ ಲೆಕ್ಕ ಬರುತ್ತಿರಲಿಲ್ಲ, ಬಿಡಮ್ಮ" ಎನ್ನುವುದು ಪ್ರೀತಿಯ ಮಾತೇ ಸರಿ. ಆದರೆ ಆ ಪ್ರೀತಿಯಿಂದಲೇ ಅವಳ ಧೈರ್ಯವು ಕುಗ್ಗುವುದು. ಸೋದರಿಯರೇ, ಅದಕ್ಕೆ ಬದಲಾಗಿ "ಹೇಗೆ ಮಾಡಿದೆ, ಹೇಳು ನೋಡೋಣ" ಎನ್ನಿರಿ. ಒಂದು ಹಿಡಿ ಹುಣಿಸೆಬೀಜವನ್ನು ಅವಳ ಮುಂದಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಉತ್ತರವು ತಡವಾಗಿ ಬಂದರೂ ಚಿಂತೆಯಿಲ್ಲ; ಅದು ಅವಳದೇ ಆಗಿರಲಿ.