ಉಪ್ಪು ನೀರಿನ ಊರು

"ಮತ್ತ ಅಂಕೋಲಾಕ್ಕ ಹೊಂಟೀಯೇನಪಾ?" ಗೆಳೆಯರು ನಗುತ್ತಾರೆ. ಹೌದು, ಮತ್ತೆ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿಯುವಾಗ ನನ್ನ ಎದೆ ಹಗುರಾಗುತ್ತದೆ.

ನಮ್ಮೂರ ಬಾವಿಕಟ್ಟೆ ನಾವು ಹತ್ತುವಂತಿರಲಿಲ್ಲ. ಅವ್ವ ಕೊಡ ಕೆಳಗಿಟ್ಟು ಕಾಯುತ್ತಿದ್ದಳು. ಮೇಲಿನವರು ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ಹೊಯ್ದರೆ ಮಾತ್ರ ನೀರು. ಆಕೆಯನ್ನು ಮೊದಲ ಸಲ ಅಂಕೋಲೆಯ ಕಡಲಿಗೆ ಕರಕೊಂಡು ಹೋದಾಗ, ತೆರೆಯ ಮುಂದೆ ನಿಂತು ಹಿಂದೆ ತಿರುಗಿ ನೋಡಿದಳು. "ಮುಟ್ಟಬಹುದೇನೋ ಯಪ್ಪಾ? ಯಾರರ ಬೈದಾರು." ತೆರೆಯೇ ಬಂದು ಅವಳ ಪಾದ ಮುಟ್ಟಿತು.

1930ರಲ್ಲಿ ಇದೇ ಅಂಕೋಲೆಯಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಕಡಲು ಯಾರಪ್ಪನ ಸ್ವತ್ತು ಅಂತ ಬ್ರಿಟಿಷರನ್ನು ಕೇಳಿದ ಹಾಗಾಯಿತು. ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೂ ಮೂರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ ಕೆರೆಯ ನೀರು ಕುಡಿದಿದ್ದರು. ಕೆರೆ ಯಾರಪ್ಪನದು ಎಂಬ ಆ ಪ್ರಶ್ನೆ ಈ ದೇಶದವರಿಗೇ ಇತ್ತು. ನಾನು ಶಾಲೆಯಲ್ಲಿ ಓದಿದ ಪಾಠದಲ್ಲಿ ಉಪ್ಪಿತ್ತು, ನೀರಿರಲಿಲ್ಲ.

ಈಗ ನಾನು ಸಾಲಿ ಮಾಸ್ತರ. ಹುಡುಗರನ್ನು ಕಟ್ಟಿಕೊಂಡು ಹೋಗಿ, ದಂಡೆಯ ಮೇಲೆ ಕೂರಿಸಿ, ಎರಡೂ ಕತೆ ಹೇಳುತ್ತೇನೆ. ಕಡಲು ಯಾರ ಜಾತಿಯನ್ನೂ ಕೇಳುವುದಿಲ್ಲ, ಖರೆ. ಆದರೆ ಅದರ ನೀರು ಬಾಯಾರಿಕೆಗೆ ಬರುವುದಿಲ್ಲ. ಕುಡಿಯುವ ನೀರಿರುವುದು ನಮ್ಮೂರ ಬಾವಿಯಲ್ಲಿ. ಅದಕ್ಕೇ ಪ್ರತಿ ಸಲವೂ ಊರಿನ ಬಸ್ಸು ಹತ್ತಿಯೇ ಹತ್ತುತ್ತೇವೆ.