ಹೊಸೂರಿನ ಜರ್ಮನ್ ಇಂಗ್ಲಿಷು

ತಮಿಳುನಾಡಿನ ಹೊಸೂರಿಗೆ ಹತ್ತಿರದ ನಮ್ಮ ರಾಯಕೋಟೆಯಲ್ಲಿ ಭಾಷೆಗೆ ಬರವಿಲ್ಲ. ಮನೆಯಲ್ಲಿ ಕನ್ನಡ, ಟೊಮೆಟೊ ಮಂಡಿಯಲ್ಲಿ ತೆಲುಗು, ಸರ್ಕಾರಿ ಕಚೇರಿಯಲ್ಲಿ ತಮಿಳು. ಮೂರನ್ನೂ ಬೆರೆಸಿ ಜಗಳವಾಡಿದರೂ ಬೈಗುಳ ತಲುಪಬೇಕಾದವರಿಗೆ ಸರಿಯಾಗಿ ತಲುಪುತ್ತದೆ. ಇಂಥ ಊರಿನವನಿಗೆ ಇಂಗ್ಲಿಷ್ ಯಾವ ಲೆಕ್ಕ ಅಂದುಕೊಂಡೇ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಸೇರಿದೆ. ಅಲ್ಲಿಗೆ ಹೊಸ ಮಷೀನು ಬಂದಾಗಲೆಲ್ಲ ಅದರ ಹಿಂದೆಯೇ ಒಬ್ಬ ಜರ್ಮನ್ ಇಂಜಿನಿಯರ್ ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ತಾಯ್ನುಡಿಯಲ್ಲ, ನಮಗೂ ಅಲ್ಲ. ತಮಾಷೆ ಶುರುವಾಗುತ್ತಿದ್ದುದೇ ಅಲ್ಲಿಂದ.

ಒಬ್ಬರು ಬಂದು ಆಪರೇಟರ್‌ಗೆ, "ಯು ಮಸ್ಟ್ ನಾಟ್ ಚೆಕ್ ಎವ್ರಿ ಪೀಸ್" ಅಂದರು. ಜರ್ಮನ್ನಿನ ಲೆಕ್ಕದಲ್ಲಿ ಅದು 'ಪ್ರತಿಯೊಂದನ್ನೂ ನೋಡಬೇಕಾಗಿಲ್ಲ' ಅಂತ. ಹತ್ತಕ್ಕೊಂದು ಅಳೆದರೆ ಸಾಕು ಅನ್ನುವುದು ಅವರ ಮನಸ್ಸಿನಲ್ಲಿದ್ದ ಮಾತು. ನಮ್ಮ ಹುಡುಗ 'ನೋಡಕೂಡದು' ಅಂತ ತಿಳಿದು ಮೈಕ್ರೋಮೀಟರನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಬೀಗ ಹಾಕಿದ. ಮಧ್ಯಾಹ್ನ ಸೂಪರ್‌ವೈಸರ್ ಬಂದು ಕೇಳಿದರೆ, "ಅವರೇ ಬೇಡ ಅಂದ್ರಲ್ಲ ಸಾರ್!" ಹುಡುಗನ ಇಂಗ್ಲಿಷಿನಲ್ಲಿ ತಪ್ಪೇನೂ ಇರಲಿಲ್ಲ.

ಗಂಟೆಯ ವಿಷಯವೂ ಹಾಗೆಯೇ. ಜರ್ಮನರು ಏಳೂವರೆಗೆ 'ಅರ್ಧ ಎಂಟು' ಅನ್ನುತ್ತಾರೆ. ಅದೇ ಇಂಗ್ಲಿಷಿಗೆ ಇಳಿದು 'ಹಾಫ್ ಏಟ್' ಆಯಿತು. ವ್ಯಾನ್ ಡ್ರೈವರ್ ಎಂಟೂವರೆಗೆ ಹೋಟೆಲ್ ಮುಂದೆ ಹಾರ್ನ್ ಹೊಡೆದಾಗ ಸಾಹೇಬರು ಒಂದು ಗಂಟೆಯಿಂದ ಗೇಟಿನಲ್ಲೇ ನಿಂತಿದ್ದರು. ಡ್ರಾಯಿಂಗ್‌ನ ಅಂಕಿಯಲ್ಲಂತೂ ಎಚ್ಚರ ಬೇಕೇಬೇಕು. 1,250 ಎಂದರೆ ನಮಗೆ ಸಾವಿರದ ಇನ್ನೂರೈವತ್ತು, ಅವರಿಗೆ ಒಂದೂಕಾಲು. ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುವುದು ಅವರ ರೂಢಿ. ಒಂದರಲ್ಲಿ ಮಾತ್ರ ನಾವೂ ಅವರೂ ಅಣ್ಣತಮ್ಮಂದಿರು: "ಐ ಆಮ್ ಹಿಯರ್ ಸಿನ್ಸ್ ತ್ರೀ ವೀಕ್ಸ್" ಅಂತ ಇಬ್ಬರೂ ಧೈರ್ಯವಾಗಿ ಹೇಳುತ್ತೇವೆ.

ನಮ್ಮ ಕಡೆಯ ಕಾಟವೇನೂ ಕಡಿಮೆಯದಲ್ಲ. "ಗುರುವಾರಕ್ಕೆ ಆಗತ್ತಾ?" ಅಂದರೆ ತಲೆ ಆಡಿಸಿ "ಯೆಸ್ ಸಾರ್" ಅನ್ನುತ್ತೇವೆ. ನಮ್ಮ ಯೆಸ್‌ಗೆ 'ಕೇಳಿಸಿತು' ಅಂತಲೂ ಅರ್ಥ, 'ನೋಡೋಣ' ಅಂತಲೂ ಅರ್ಥ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡು ಗುರುವಾರ ಬೆಳಿಗ್ಗೆಯೇ ಬಂದು ನಿಲ್ಲುತ್ತಾರೆ. ಅವರು "ದಿಸ್ ಈಸ್ ರಾಂಗ್" ಅಂತ ನೇರವಾಗಿ ಹೇಳಿದರೆ ನಮ್ಮವರ ಮುಖ ಸಣ್ಣದಾಗುತ್ತದೆ. ಅವರಿಗೆ ಅದು ಬೈಗುಳವಲ್ಲ, ಮಷೀನಿನ ವರದಿ ಅಷ್ಟೇ.

ವ್ಯವಹಾರಕ್ಕಾಗಿ ಪರಭಾಷೆಯ ಜೊತೆ ಹೆಣಗಿದವರು ಈ ಸೀಮೆಗೆ ಹೊಸಬರಲ್ಲ. 1791ರ ಜುಲೈನಲ್ಲಿ ಬ್ರಿಟಿಷರ ಮೇಜರ್ ಗೌಡಿಯ ಪಡೆ ನಮ್ಮ ರಾಯಕೋಟೆಯ ಬೆಟ್ಟದ ಕೋಟೆಯನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ನಮ್ಮ ಊರೂ ಸೇರಿದ ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅದನ್ನು ನೋಡಿಕೊಳ್ಳಲು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮದರಾಸಿನ ಸಿವಿಲ್ ಅಧಿಕಾರಿಗಳನ್ನು ಬಿಟ್ಟು, ದೇಶಭಾಷೆ ಬಲ್ಲ ಸೈನ್ಯಾಧಿಕಾರಿಗಳನ್ನು ಆರಿಸಿದ: ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕರು. ಆ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಕಂದಾಯ ಬೇಕಾದವನು ರೈತನ ಮಾತು ಕಲಿಯಲೇಬೇಕಿತ್ತು.

ಜರ್ಮನರ ಇಂಗ್ಲಿಷನ್ನು ನೋಡಿ ನಗುವವರಿಗೆ ನಾನು ಕಿಟ್ಟೆಲ್ ಹೆಸರು ಹೇಳುತ್ತೇನೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಜರ್ಮನ್ ಆಡುವ ಮನೆಯವರು. ಕಲಿತದ್ದು ಕನ್ನಡ, ಸುಮಾರು 70,000 ಪದಗಳಿಗೆ ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟನ್ನು ನಾವು ಇವತ್ತಿಗೂ ತೆರೆಯುತ್ತೇವೆ. ತಮ್ಮದಲ್ಲದ ಎರಡು ಭಾಷೆಗಳ ನಡುವೆ ಇಂಥ ಕೆಲಸ ನಡೆದದ್ದು ಉಚ್ಚಾರದ ಠೀವಿಯಿಂದಲ್ಲ, ಒಂದೊಂದು ಪದವನ್ನೂ ಜನರ ಬಾಯಿಂದ, ಗ್ರಂಥಗಳಿಂದ ಕೇಳಿ, ನೋಡಿ ಖಚಿತಪಡಿಸಿಕೊಂಡ ತಾಳ್ಮೆಯಿಂದ.

ಹೊಸೂರಿಗೆ ಕೆಲಸಕ್ಕೆ ಹೊರಟ ನಮ್ಮ ಊರಿನ ಹುಡುಗ ಹುಡುಗಿಯರಿಗೂ ಇಲ್ಲಿಗೆ ಬರುವ ಜರ್ಮನ್ ಅತಿಥಿಗಳಿಗೂ ನಾನು ಹೇಳುವುದು ಒಂದೇ. ವಾಕ್ಯ ಚಿಕ್ಕದಿರಲಿ. ಗಂಟೆ, ತಾರೀಖು, ಅಳತೆಗಳನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಚೀಟಿಯಲ್ಲಿ ಬರೆದು ತೋರಿಸಿ. ಆಗುವುದಿಲ್ಲವಾದರೆ ಆಗುವುದಿಲ್ಲ ಅನ್ನಿ. ಅರ್ಥವಾಯಿತೇ ಅಂತ ಕೇಳುವ ಬದಲು ಏನು ಅರ್ಥವಾಯಿತು ಅಂತ ಕೇಳಿ. ವ್ಯಾಕರಣ ನಿಧಾನವಾಗಿ ಬಂದೀತು. ಮೈಕ್ರೋಮೀಟರ್ ಮಾತ್ರ ಡಬ್ಬಿಯಿಂದ ಹೊರಗಿರಲಿ.